ಹಲಸೂರಿನ ಕೆಂಪೇಗೌಡ ಗೋಪುರ ಮತ್ತು ಕೆರೆ

ಹಲಸೂರಿನ ಕೆಂಪೇಗೌಡ ಗೋಪುರವು ಬೆಂಗಳೂರಿನ ದಂಡು ಪ್ರದೇಶದಲ್ಲಿ, ಹಲಸೂರು ಕೆರೆಯ ಸಮೀಪದಲ್ಲಿರುವ ಐತಿಹಾಸಿಕ ಗಡಿಗೋಪುರ. ಕೆಂಪೇಗೌಡರ ಹೆಸರಿನ ನಾಲ್ಕು ಗೋಪುರಗಳಲ್ಲಿ ಇದು ಪೂರ್ವ ದಿಕ್ಕಿನದು. ಉಳಿದ ಮೂರು ಲಾಲ್‌ಬಾಗ್, ಕೆಂಪಾಂಬುಧಿ ಕೆರೆ ಮತ್ತು ಮೇಖ್ರಿ ವೃತ್ತದ ಬಳಿ ಇವೆ. ಕೆರೆಯಲ್ಲಿ ಮರಗಳಿಂದ ತುಂಬಿದ ಹಲವು ಪುಟ್ಟ ದ್ವೀಪಗಳಿವೆ.

ಹಿನ್ನೆಲೆ

ಹಿರಿಯ ಕೆಂಪೇಗೌಡರು 1537ರಲ್ಲಿ ಮಣ್ಣಿನ ಕೋಟೆಯನ್ನೂ ಅದರೊಳಗೆ ಪೇಟೆಯನ್ನೂ ಕಟ್ಟಿಸಿದರು. ಗೋಪುರಗಳು ಆ ಕೋಟೆಯಿಂದ ದೂರದಲ್ಲಿದ್ದವು. ಅವುಗಳನ್ನು ಹಿರಿಯ ಕೆಂಪೇಗೌಡರೇ ಕಟ್ಟಿಸಿದರೆಂದು ಕೆಲವರೂ, ಇಮ್ಮಡಿ ಕೆಂಪೇಗೌಡರ ಕಾಲದವೆಂದು ಕೆಲವರೂ ಅಭಿಪ್ರಾಯಪಡುತ್ತಾರೆ. ಇವು ಕೋಟೆಗಳಲ್ಲ, ಕಲ್ಲಿನ ಚಿಕ್ಕ ಮಂಟಪದ ಮೇಲೆ ಶಿಖರವಿರುವ ರಚನೆಗಳು. ನಗರವು ಈ ಎಲ್ಲೆಗಳವರೆಗೆ ಬೆಳೆಯುವುದೆಂಬ ಪ್ರತೀತಿ ಇದೆ. ನಗರವು ಇಂದು ನಾಲ್ಕೂ ಗೋಪುರಗಳನ್ನು ದಾಟಿದೆ. ಪೂರ್ವದಲ್ಲಿ ಇಂದಿರಾನಗರವನ್ನೂ ಮೀರಿ ಕೃಷ್ಣರಾಜಪುರದಾಚೆಗೂ ಹರಡಿದೆ.

ದಂಡು ಪ್ರದೇಶ

1809ರಲ್ಲಿ ಬ್ರಿಟಿಷರ ಸೇನೆಯು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಸ್ಥಳಾಂತರಗೊಂಡು ಹಲಸೂರಿನ ಸುತ್ತ ನೆಲೆಯೂರಿತು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗಲೂ ದಂಡು ಪ್ರದೇಶವು ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ಅದು 1947ರಲ್ಲಿ ಮೈಸೂರಿಗೆ ಹಿಂದಿರುಗಿತು. 1949ರಲ್ಲಿ ಪೇಟೆ ಮತ್ತು ದಂಡು ಒಂದೇ ನಗರಪಾಲಿಕೆಯಾದವು. ಗೋಪುರವು ಇಂದಿಗೂ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್ ಕೇಂದ್ರದ ಆವರಣದಲ್ಲಿದೆ. ಆದುದರಿಂದ ಲಾಲ್‌ಬಾಗ್‌ನ ಗೋಪುರದಂತೆ ಇದನ್ನು ಮುಕ್ತವಾಗಿ ನೋಡಲಾಗದು. ಸೇನೆಯ ಅನುಮತಿ ಅಗತ್ಯ. ಇದೇ ಕಾರಣದಿಂದ ಇದು ನಾಲ್ಕರಲ್ಲಿ ಜನರಿಗೆ ಕಡಿಮೆ ಪರಿಚಿತವಾಗಿದೆ.

ಕೆರೆ ಮತ್ತು ದ್ವೀಪಗಳು

ಸುಮಾರು 50 ಹೆಕ್ಟೇರ್ ವಿಸ್ತಾರದ ಹಲಸೂರು ಕೆರೆಯು ಸರಣಿ ಕೆರೆಗಳ ವ್ಯವಸ್ಥೆಗೆ ಸೇರಿದ್ದು, ಇದರ ಕೋಡಿಯ ನೀರು ಬೆಳ್ಳಂದೂರು ಕೆರೆಯತ್ತ ಹರಿಯುತ್ತದೆ. ಹೆಜ್ಜಾರ್ಲೆ, ನೀರುಕಾಗೆ, ಬೆಳ್ಳಕ್ಕಿಗಳು ಇಲ್ಲಿ ಕಾಣಸಿಗುತ್ತವೆ. ಸುತ್ತಲ ಬಡಾವಣೆಗಳ ಕೊಳಚೆ ನೀರು ಕೆರೆಯ ಮುಖ್ಯ ಸಮಸ್ಯೆ. ಕೊಳಚೆಯಲ್ಲಿನ ಸಾವಯವ ವಸ್ತುಗಳನ್ನು ವಿಘಟಿಸುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಬೇಸಿಗೆಯಲ್ಲಿ ನೀರು ಬಿಸಿಯಾದಾಗ ಆಮ್ಲಜನಕ ಮತ್ತಷ್ಟು ಕುಸಿಯುತ್ತದೆ. 2016ರ ಮಾರ್ಚ್‌ನಲ್ಲಿ ಇಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು.

ಭೇಟಿ

2011ರ ಅಕ್ಟೋಬರ್ 20ರಂದು ಆರಂಭವಾದ ನಮ್ಮ ಮೆಟ್ರೋದ ಮೊದಲ ಹಂತದಲ್ಲೇ ಹಲಸೂರು ನಿಲ್ದಾಣವಿತ್ತು. ಅದು ಈಗ ನೇರಳೆ ಮಾರ್ಗದಲ್ಲಿದೆ. ನಿಲ್ದಾಣದ ಸಮೀಪದಲ್ಲಿ ಪ್ರಾಚೀನ ಸೋಮೇಶ್ವರ ದೇವಾಲಯವಿದೆ. ಅದರ ವಿಸ್ತರಣೆಯೊಂದಿಗೂ ಕೆಂಪೇಗೌಡರ ಹೆಸರು ತಳುಕು ಹಾಕಿಕೊಂಡಿದೆ. ಕೆರೆಯ ದಂಡೆಯಲ್ಲಿ ಗುರುದ್ವಾರವೊಂದಿದೆ. ಗೋಪುರಕ್ಕೆ ಹೋಗಲಾಗದವರು ದಂಡೆಯ ನಡಿಗೆ ಹಾದಿಯಿಂದ ಕೆರೆಯನ್ನೂ ದ್ವೀಪಗಳನ್ನೂ ನೋಡಬಹುದು. ಗಡಿಗೋಪುರದ ರಚನೆಯನ್ನು ಹತ್ತಿರದಿಂದ ತಿಳಿಯಬಯಸುವವರಿಗೆ ಲಾಲ್‌ಬಾಗ್ ಬಂಡೆಯ ಮೇಲಿನ ಗೋಪುರ ಅನುಕೂಲಕರ.