ಬುಗುರಿಯಾದ ವಿಮಾನ

ಅಮೆರಿಕದಲ್ಲಿ ಕಿಟ್ ತರಿಸಿ, ಮನೆ ಶೆಡ್ಡಿನಲ್ಲೇ ವಿಮಾನ ಜೋಡಿಸಿ ಹಾರಿಸೋರಿದ್ದಾರೆ. ಕಾನೂನೂ ಒಪ್ಪುತ್ತೆ. ಭಯ ಇರೋದು ಸ್ಪಿನ್‌ನದ್ದು. ವೇಗ ತಗ್ಗಿ, ಒಂದು ರೆಕ್ಕೆ ಮೊದಲು ಎತ್ತುವ ಬಲ ಕಳಕೊಂಡರೆ ವಿಮಾನ ಬುಗುರಿ ಥರ ಸುತ್ತುತ್ತಾ ಬೀಳುತ್ತೆ. ನೆಲ ಎದುರಿಗೆ ಬರ್ತಿದ್ರೆ ಕೈ ತಾನಾಗೇ ಸ್ಟಿಕ್ಕನ್ನ ಹಿಂದಕ್ಕೆಳೆಯುತ್ತೆ. ಎಡವಟ್ಟಾಗೋದೇ ಅಲ್ಲಿ! ಸಾಮಾನ್ಯವಾಗಿ ಎಂಜಿನ್ ತಗ್ಗಿಸಿ, ಸುತ್ತಿಗೆ ವಿರುದ್ಧವಾಗಿ ರಡ್ಡರ್ ಒತ್ತಿ, ಸ್ಟಿಕ್ಕನ್ನ ಮುಂದಕ್ಕೆ ತಳ್ಳಬೇಕು. ಅದೂ ಎತ್ತರ ಇದ್ದರೆ. ಇಳಿಯೋಕೆ ತಿರುಗುವಾಗ ಸ್ಪಿನ್ ಆದರೆ ಟೈಮೇ ಸಿಗಲ್ಲ. ಸಾಲದ್ದಕ್ಕೆ, ಒಂದೇ ನಕ್ಷೆಯಲ್ಲಿ ಕಟ್ಟಿದ ಎರಡು ವಿಮಾನಗಳೂ ಒಂದೇ ಥರ ಇರಲ್ಲ. ತೂಕ ಹಿಂದಕ್ಕೆ ವಾಲಿದ್ದರೆ ಈ ಉಪಾಯವೂ ಕೈಕೊಡಬಹುದು. ನಮ್ಮ ಎಚ್‌ಎಎಲ್‌ನ ಸಿತಾರಾ 2011ರಲ್ಲಿ ಪರೀಕ್ಷಾ ಹಾರಾಟದ ವೇಳೆಯೇ ಬಿತ್ತು. ಇಜೆಕ್ಷನ್ ಸೀಟಿತ್ತು, ಪೈಲಟ್‌ಗಳು ಬದುಕಿದರು. ಶೆಡ್ಡಿನ ವಿಮಾನದಲ್ಲಿ ಆ ಸೀಟು ಎಲ್ಲಿಂದ ಬರಬೇಕು?