ಉಂಡವರ ಮೈ, ಉಳಿದ ಎಂಜಲು

‘ಗ್ರೀನ್‌ಲ್ಯಾಂಡಿನ ಬಂಡೆಯಲ್ಲಿ 370 ಕೋಟಿ ವರ್ಷ ಹಿಂದಿನ ಜೀವದ ಗುರುತು ಸಿಕ್ಕಿದ್ದು ಕಾರ್ಬನ್ ಡೇಟಿಂಗ್‌ನಿಂದ ತಾನೆ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಅಲ್ಲ ಸ್ವಾಮಿ! ಕಾರ್ಬನ್ ಡೇಟಿಂಗ್ ಎಂದರೆ ಇಂಗಾಲ-14ರ ಲೆಕ್ಕ. ಅದು 5,730 ವರ್ಷಕ್ಕೊಮ್ಮೆ ಅರ್ಧರ್ಧವಾಗುತ್ತ, 50 ಸಾವಿರ ವರ್ಷ ಕಳೆಯುವಷ್ಟರಲ್ಲಿ ಹೆಚ್ಚುಕಡಿಮೆ ಮುಗಿದೇ ಹೋಗಿರುತ್ತದೆ. ಕಲ್ಲಿನ ವಿಗ್ರಹವನ್ನು ಯಾವಾಗ ಕೆತ್ತಿದರು ಎಂದೂ ಅದು ಹೇಳಲಾರದು. ‘ಕಾರ್ಬನ್ ಡೇಟಿಂಗ್ ಪ್ರಕಾರ ಈ ಶಿಲಾಮೂರ್ತಿಗೆ ಹತ್ತು ಸಾವಿರ ವರ್ಷ’ ಎಂದು ವಾಟ್ಸಾಪಿನಲ್ಲಿ ಬಂದರೆ ದಯವಿಟ್ಟು ಅಲ್ಲೇ ಅಳಿಸಿಬಿಡಿ.

ಗ್ರೀನ್‌ಲ್ಯಾಂಡಿನ ಕಥೆ ಇಂಗಾಲ-13ರದು. ನೂರು ಇಂಗಾಲದ ಪರಮಾಣುಗಳಲ್ಲಿ ಸುಮಾರು ಒಂದು ಇದು. ಮಿಕ್ಕವೆಲ್ಲ ಹಗುರವಾದ 12. ಎರಡೂ ಎಷ್ಟು ಕೋಟಿ ವರ್ಷವಾದರೂ ನಶಿಸುವುದಿಲ್ಲ. ಎಲೆಯೊಳಗೆ ಇಂಗಾಲದ ಡೈಆಕ್ಸೈಡನ್ನು ಹಿಡಿದುಕೊಳ್ಳುವ ರುಬಿಸ್ಕೋ ಎಂಬ ಕಿಣ್ವವಿದೆಯಲ್ಲ, ಅದಕ್ಕೊಂದು ಚಾಳಿ. ಉಪ್ಪಿಟ್ಟಿನಿಂದ ಮೆಣಸಿನಕಾಯಿ ಹೆಕ್ಕಿ ತಟ್ಟೆಯಂಚಿಗಿಡುವ ಮಗುವಿನಂತೆ ಅದು 13ನ್ನು ಆದಷ್ಟೂ ಬದಿಗೆ ತಳ್ಳಿ 12ನ್ನೇ ಉಣ್ಣುತ್ತದೆ. ಹಾಗಾಗಿ ಉಂಡ ಮೈಯಲ್ಲಿ 13 ಕಡಿಮೆ. ಸಮುದ್ರದ ನೀರಿನಲ್ಲಿ ಉಳಿದ ಎಂಜಲಿನಲ್ಲಿ ಅದು ಹೆಚ್ಚು. ಆ ಎಂಜಲೇ ಮುಂದೆ ಸುಣ್ಣಕಲ್ಲಾಗುತ್ತದೆ.

ಈ ಚಾಳಿ ನಮ್ಮ ರಾಗಿಯಲ್ಲಿ ನಡೆಯುವುದಿಲ್ಲ ಎಂಬುದು ನನಗೆ ಬಲು ಇಷ್ಟದ ಸಂಗತಿ. ರಾಗಿ, ಜೋಳ, ಕಬ್ಬು ಮೊದಲು ಇಂಗಾಲವನ್ನು ಎಲೆಯ ಒಳಕೋಣೆಗೆ ತುಂಬಿ ಅಲ್ಲಿ ರುಬಿಸ್ಕೋಗೆ ಬಡಿಸುತ್ತವೆ. ಕದ ಹಾಕಿದ ಕೋಣೆಯಲ್ಲಿ ಬಡಿಸಿದ್ದನ್ನು ಉಣ್ಣದೆ ಗತಿಯಿಲ್ಲ, ಮೆಣಸಿನಕಾಯಿಯೂ ಹೊಟ್ಟೆಗೇ. ಅದಕ್ಕೇ ಭತ್ತಕ್ಕಿಂತ ರಾಗಿಯಲ್ಲಿ 13 ಜಾಸ್ತಿ. ದಿನವೂ ಮುದ್ದೆ ಉಣ್ಣುವ ನನ್ನಂಥವರ ಕೂದಲೂ ಅದನ್ನು ಸಾರುತ್ತದೆ. ಜೇನಿಗೆ ಕಬ್ಬಿನ ಸಕ್ಕರೆ ಪಾಕ ಬೆರೆಸಿದವನು ಸಿಕ್ಕಿಬೀಳುವುದೂ ಹೀಗೆಯೇ. ಅಕ್ಕಿಯ ಪಾಕ ಬೆರೆಸಿದ ಜಾಣ ಮಾತ್ರ ಈ ಪರೀಕ್ಷೆಯಲ್ಲಿ ಪಾರಾಗುತ್ತಾನೆ!

1999ರಲ್ಲಿ ಭೂವಿಜ್ಞಾನಿ ಮಿನಿಕ್ ರೋಸಿಂಗ್ ಗ್ರೀನ್‌ಲ್ಯಾಂಡಿನ ಇಸುವಾದಲ್ಲಿ, ಒಂದು ಕಾಲಕ್ಕೆ ಕಡಲತಳದ ಕೆಸರಾಗಿದ್ದ ಕಲ್ಲಿನೊಳಗೆ ಗ್ರಾಫೈಟಿನ ಸಣ್ಣ ಕಣಗಳನ್ನು ಕಂಡರು. ಅಲ್ಲಿ 13ರ ಪಾಲು ಸಾಗರದ ಸುಣ್ಣಕಲ್ಲಿಗಿಂತ ಸಾವಿರಕ್ಕೆ ಸುಮಾರು 19ರಷ್ಟು ಕಮ್ಮಿ. ಕಡಲಲ್ಲಿ ತೇಲುತ್ತಿದ್ದ ಸೂಕ್ಷ್ಮಜೀವಿಗಳ ಅವಶೇಷವಿದು ಎಂದು ಅವರು ವಾದಿಸಿದರು. ಕಬ್ಬಿಣದ ಕಾರ್ಬೊನೇಟ್ ಕಾದರೂ ಗ್ರಾಫೈಟ್ ಹುಟ್ಟಬಲ್ಲದು, ಆದ್ದರಿಂದ ಇಂಥ ಕಲ್ಲುಗಳ ಬಗ್ಗೆ ತಕರಾರು ಇದ್ದದ್ದೇ. ಆದರೆ ಮುಂದಿನ ಮುನ್ನೂರೈವತ್ತು ಕೋಟಿ ವರ್ಷಗಳ ಕಲ್ಲುಗಳಲ್ಲೂ ಮೈಗೂ ಎಂಜಲಿಗೂ ಇದೇ ಬಗೆಯ ಅಂತರ ಎಡೆಬಿಡದೆ ಕಾಣುತ್ತದೆ.

ಉಣ್ಣಲು ಹೇರಳವಾಗಿದ್ದರೆ ಹೆಕ್ಕುವುದೂ ಹೆಚ್ಚು. ಅದರಿಂದಲೇ ಕಡಲತಳದಲ್ಲಿ ಉಳಿದ ಪಾಚಿಯ ಕೊಬ್ಬನ್ನು ಅಳೆದು, ಅಂದಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿತ್ತೆಂದು ಅಂದಾಜು ಮಾಡುತ್ತಾರೆ.

ಇಂದಿನ ಗಾಳಿಯ ಲೆಕ್ಕವೂ ಇದೆ. ಅದರಲ್ಲಿ 13ರ ಪಾಲು ಇಳಿಯುತ್ತಲೇ ಇದೆ. ‘ಎಲ್ಲ ಜ್ವಾಲಾಮುಖಿಗಳ ಕೆಲಸ’ ಎನ್ನುವವರಿಗೆ ಇಷ್ಟು ಹೇಳಿ: ಜ್ವಾಲಾಮುಖಿಯ ಇಂಗಾಲ ಇಷ್ಟು ಹಗುರವಲ್ಲ. ಗಾಳಿಗೆ ಸೇರುತ್ತಿರುವ ಈ ಹಗುರ ಇಂಗಾಲ ಗಿಡಗಳು, ಪಾಚಿಗಳು ಎಂದೋ ಹೆಕ್ಕಿ ಉಂಡದ್ದು, ನಾವು ಕಲ್ಲಿದ್ದಲು, ಪೆಟ್ರೋಲು ಎಂದು ಸುಡುತ್ತಿರುವುದು.