ನಾಲ್ಕು ಸ್ವರಗಳ ರಾಗವೂ ವಿಮರ್ಶಕರೂ

ಎಳೆಯ ಕಲಾವಿದನು ಹೊಸತೊಂದನ್ನು ಮಾಡಿದರೆ ಲೋಕವು ಅದನ್ನು ಹುಡುಗುತನವೆಂದು ಮನ್ನಿಸುತ್ತದೆ. ಕೀರ್ತಿವಂತನಾದ ಹಿರಿಯನು ಹಾಗೆ ಮಾಡಿದರೆ ಅಭಿಮಾನಿಗಳು ಕೇಳುವುದಕ್ಕೆ ಮೊದಲೇ ತಲೆದೂಗುತ್ತಾರೆ. ಒಪ್ಪದವರು ಕೇಳುವುದಕ್ಕೆ ಮೊದಲೇ ಮುಖ ತಿರುಗಿಸುತ್ತಾರೆ. ಈ ಇಬ್ಬರಿಂದಲೂ ಕೃತಿಗೆ ನ್ಯಾಯ ದೊರೆಯುವುದಿಲ್ಲ. ಇದಕ್ಕೆ ಆಂಧ್ರದೇಶದ ಸಂಗೀತದಲ್ಲಿ ಒಂದು ಉತ್ತಮ ನಿದರ್ಶನವುಂಟು.

ವಿದ್ವಾನ್ ಮಂಗಳಂಪಲ್ಲಿ ಬಾಲಮುರಳಿಕೃಷ್ಣ (1930–2016) ಅವರು ಗೋದಾವರಿ ತೀರದ ಸೀಮೆಯಲ್ಲಿ ಜನಿಸಿ, ವಿಜಯವಾಡದಲ್ಲಿ ಪಾರುಪಲ್ಲಿ ರಾಮಕೃಷ್ಣಯ್ಯ ಪಂತುಲು ಅವರ ಬಳಿ ವಿದ್ಯಾಭ್ಯಾಸ ಮಾಡಿದರು. ಎಂಟರ ಎಳೆಯ ವಯಸ್ಸಿನಲ್ಲಿಯೇ ಆ ನಗರದಲ್ಲಿ ಪೂರ್ಣ ಕಚೇರಿ ನಡೆಸಿದರು. ಮುಂದೆ ಅಲ್ಲಿಯ ಸರಕಾರಿ ಸಂಗೀತ ಕಲಾಶಾಲೆಯ ಮೊದಲ ಪ್ರಾಂಶುಪಾಲರಾದರು. 1948ರಲ್ಲಿ ಆರಂಭವಾದ ವಿಜಯವಾಡಾ ಆಕಾಶವಾಣಿಯಲ್ಲಿಯೂ ಸೇವೆ ಸಲ್ಲಿಸಿದರು. ಕನ್ನಡಿಗರಿಗೆ ಅವರು ಪರಕೀಯರಲ್ಲ. ಜಿ. ವಿ. ಅಯ್ಯರ್ ಅವರ 'ಹಂಸಗೀತೆ' (1975) ಚಿತ್ರದ ಗಾಯನಕ್ಕಾಗಿ ಅವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು.

ಅವರ ಸಾಹಸವನ್ನು ಅರಿಯಬೇಕಾದರೆ ರಾಗವೆಂಬುದರ ಲೆಕ್ಕವನ್ನು ಸ್ವಲ್ಪ ತಿಳಿಯಬೇಕು. 17ನೆಯ ಶತಮಾನದಲ್ಲಿ ವೆಂಕಟಮಖಿಯು 'ಚತುರ್ದಂಡೀ ಪ್ರಕಾಶಿಕೆ'ಯಲ್ಲಿ ಮೇಳಗಳ ವ್ಯವಸ್ಥೆಯನ್ನು ನಿರೂಪಿಸಿದನು. ರಿಷಭ-ಗಾಂಧಾರಗಳ ಜೋಡಣೆ ಆರು ಬಗೆ. ಧೈವತ-ನಿಷಾದಗಳ ಜೋಡಣೆಯೂ ಆರು ಬಗೆ. ಇವನ್ನು ಗುಣಿಸಿದರೆ 36. ಮಧ್ಯಮವು ಎರಡು ವಿಧವಾದುದರಿಂದ ಒಟ್ಟು 72. ಈ 72 ಮೇಳಗಳಲ್ಲಿಯೂ ಕೃತಿಗಳನ್ನು ರಚಿಸಿ ಬಾಲಮುರಳಿಯವರು 1952ರಲ್ಲಿ 'ಜನಕರಾಗ ಮಂಜರಿ'ಯೆಂದು ಪ್ರಕಟಿಸಿದರು. ತಾರುಣ್ಯದ ಆ ರಚನೆಗಳು ಮುಂದೆ 'ರಾಗಾಂಗ ರಾವಳಿ' ಎಂಬ ಒಂಬತ್ತು ಸಂಪುಟಗಳ ಧ್ವನಿಮುದ್ರಿಕೆಯಾಗಿ ಹೊರಬಂದುವು.

ಇಷ್ಟರ ಮಟ್ಟಿಗೆ ವಿವಾದವೇನೂ ಇರಲಿಲ್ಲ. ಆದರೆ ಅವರು ಮಿತವಾದ ಸ್ವರಗಳ ರಾಗಗಳನ್ನೂ ಕಲ್ಪಿಸಿದರು. 'ಲವಂಗಿ'ಯಲ್ಲಿ ಷಡ್ಜ, ಶುದ್ಧ ರಿಷಭ, ಶುದ್ಧ ಮಧ್ಯಮ, ಶುದ್ಧ ಧೈವತಗಳೆಂಬ ನಾಲ್ಕೇ ಸ್ವರಗಳು. 'ಮಹತಿ'ಯಲ್ಲಿಯೂ ನಾಲ್ಕೇ: ಷಡ್ಜ, ಅಂತರ ಗಾಂಧಾರ, ಪಂಚಮ, ಕೈಶಿಕಿ ನಿಷಾದ. 'ಸರ್ವಶ್ರೀ'ಯಲ್ಲಿಯಾದರೋ ಮೂರೇ ಸ್ವರಗಳು. ಸಂಪೂರ್ಣಕ್ಕೆ ಏಳು, ಷಾಡವಕ್ಕೆ ಆರು, ಔಡವಕ್ಕೆ ಐದು ಸ್ವರಗಳೆಂದೂ, ಅದಕ್ಕಿಂತ ಕಡಮೆಯಾದರೆ ರಾಗವಾಗದೆಂದೂ ಸಂಪ್ರದಾಯವು ನಂಬಿತ್ತು. ಮತಂಗನ 'ಬೃಹದ್ದೇಶಿ'ಯೂ ನಾಲ್ಕು ಸ್ವರಗಳ ಗಾನವನ್ನು ಶಬರ, ಪುಳಿಂದ ಮೊದಲಾದ ಜನಗಳದೆಂದು ಹೇಳಿ ಮಾರ್ಗ ಸಂಗೀತದಿಂದ ಹೊರಗಿಟ್ಟಿದೆ.

1980ರ ದಶಕದಲ್ಲಿ ಪ್ರಸಿದ್ಧ ವೈಣಿಕರಾದ ಎಸ್. ಬಾಲಚಂದರ್ ಅವರು ಈ ರಾಗಗಳನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಇವುಗಳನ್ನು ಹೊಸ ಸೃಷ್ಟಿಯೆನ್ನಬಹುದೇ, ರಾಗವೆಂದಾದರೂ ಕರೆಯಬಹುದೇ ಎಂಬುದೇ ವಾದದ ತಿರುಳು. ಈ ಪ್ರಶ್ನೆಯನ್ನು ಅಸೂಯೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ಸರಿಯಲ್ಲ. ಸ್ವರಗಳನ್ನು ಆರಿಸಿ ಜೋಡಿಸುವುದು ಗಣಿತವನ್ನು ಬಲ್ಲ ಯಾರಿಗಾದರೂ ಸಾಧ್ಯ. ಜೋಡಿಸಿದ್ದೆಲ್ಲ ರಾಗವಾಗದು. ಗಮಕ, ಸಂಚಾರ, ವಿಶ್ರಾಂತಿಸ್ಥಾನ, ರಸ ಇವುಗಳಿಂದ ಅದಕ್ಕೆ ಜೀವ ಬರಬೇಕು.

ಅದರೊಡನೆ ಇನ್ನೊಂದು ಮಾತನ್ನೂ ನೆನೆಯಬೇಕು. ರೂಢಿಯೆಂಬುದು ಶಿಲಾಶಾಸನವಲ್ಲ. ಅಂದಿನ ವಿಶಾಖಪಟ್ಟಣ ಜಿಲ್ಲೆಗೆ ಸೇರಿದ್ದ ವಿಜಯನಗರದಲ್ಲಿ (ಇದು ನಮ್ಮ ಹಂಪೆಯ ವಿಜಯನಗರವಲ್ಲ) ಮಹಾರಾಜರ ಸಂಗೀತ ಕಲಾಶಾಲೆಯುಂಟು. ಅಲ್ಲಿ ಅಧ್ಯಾಪಕರಾಗಿ, 1936ರಿಂದ ಪ್ರಾಂಶುಪಾಲರಾಗಿದ್ದ ದ್ವಾರಂ ವೆಂಕಟಸ್ವಾಮಿ ನಾಯ್ಡು (1893–1964) ಅವರ ಕಾಲಕ್ಕೆ ಪಿಟೀಲು ಮುಖ್ಯವಾಗಿ ಗಾಯಕನ ಬೆನ್ನಿಗಿರುವ ಪಕ್ಕವಾದ್ಯವಾಗಿತ್ತು. ಅವರು ಅದನ್ನೇ ಮುಂದಿಟ್ಟುಕೊಂಡು ತನಿ ಕಚೇರಿ ನಡೆಸಿದರು. ಇಂದು ಪಿಟೀಲಿನ ತನಿ ಕಚೇರಿಯನ್ನು ಕಂಡು ಹುಬ್ಬೇರಿಸುವವರು ಯಾರೂ ಇಲ್ಲ.

ಹಾಗಾದರೆ ತೀರ್ಪು ಕೊಡುವವರಾರು? ಗ್ರಂಥವೂ ಅಲ್ಲ, ಪ್ರಶಸ್ತಿಯೂ ಅಲ್ಲ. ಬಾಲಮುರಳಿಯವರಿಗೆ 1978ರಲ್ಲಿ ಸಂಗೀತ ಕಳಾನಿಧಿ ಬಿರುದೂ 1991ರಲ್ಲಿ ಪದ್ಮವಿಭೂಷಣವೂ ಸಂದುವು. ಆದರೆ ಬಿರುದು ಬಂದ ಮಾತ್ರಕ್ಕೆ ಲವಂಗಿಯು ರಾಗವಾಗುವುದಿಲ್ಲ. ಆಕ್ಷೇಪ ಬಂದ ಮಾತ್ರಕ್ಕೆ ಅದು ಅಳಿಯುವುದೂ ಇಲ್ಲ. ಸೃಷ್ಟಿಸಿದವನ ಕಂಠವನ್ನು ಬಿಟ್ಟು ಇತರರ ಕಂಠದಲ್ಲಿಯೂ ಅದು ಬಾಳಬಲ್ಲುದೇ ಎಂಬುದೇ ನಿಜವಾದ ಪರೀಕ್ಷೆ. 'ಅಪೂರ್ವ ರಾಗಂಗಳ್' (1975) ಎಂಬ ತಮಿಳು ಚಿತ್ರದಲ್ಲಿ ಎಂ. ಎಸ್. ವಿಶ್ವನಾಥನ್ ಅವರು ಮಹತಿಯನ್ನು ಬಳಸಿ, ಯೇಸುದಾಸರಿಂದ ಹಾಡಿಸಿದರು. ಆ ಹಾಡು ಜನರ ನಾಲಗೆಯ ಮೇಲೆ ನಿಂತಿತು. ಮಹತಿಯ ಪಾಲಿಗೆ ಇದೊಂದು ಬಲವಾದ ಸಾಕ್ಷಿ. ಉಳಿದ ರಾಗಗಳು ತಮ್ಮ ಸಾಕ್ಷಿಯನ್ನು ತಾವೇ ತರಬೇಕು.

ವಿದ್ಯಾರ್ಥಿಗಳಾದ ನಾವು ಇದರಿಂದ ಕಲಿಯಬೇಕಾದುದು ಇಷ್ಟು. ಹಿರಿಯರ ಹೊಸ ಕೃತಿಯನ್ನು ಅವರ ಹೆಸರಿನಿಂದಲೂ ಅಳೆಯಬಾರದು, ಅವರ ಹಳೆಯ ಕೃತಿಗಳ ಪಡಿಯಚ್ಚಾಗಿಲ್ಲವೆಂದು ಹಳಿಯಲೂ ಬಾರದು. ಮೊದಲು ಕೇಳಬೇಕು, ಮತ್ತೆ ಕೇಳಬೇಕು, ಅನಂತರ ಕಾರಣಸಹಿತವಾಗಿ ಮಾತಾಡಬೇಕು. ಕಾರಣವಿಲ್ಲದ ಹೊಗಳಿಕೆಯೂ ಕಾರಣವಿಲ್ಲದ ತೆಗಳಿಕೆಯೂ ಕಲಾವಿದನಿಗೆ ಮಾಡುವ ಸಮಾನವಾದ ಅನ್ಯಾಯಗಳು.